ಕ್ಲಿಪ್‌ಬೋರ್ಡ್ ಮ್ಯಾನೇಜರ್ ಮತ್ತು ವರ್ಡ್: ತಕರಾರಿನ ಮೂಲ, ತಪಾಸಣೆಯ ಕ್ರಮ

ಕಾಪಿ ಮಾಡಿದ ಬರಹ ಪೇಸ್ಟ್ ಆಗುವ ತನಕ ಕಂಪ್ಯೂಟರಿನಲ್ಲಿ ತಂಗುವ ಜಾಗವೇ ಕ್ಲಿಪ್‌ಬೋರ್ಡ್. ಆ ಜಾಗ ವರ್ಡ್‌ನ ಸ್ವಂತದ್ದಲ್ಲ. ವಿಂಡೋಸ್ ನೋಡಿಕೊಳ್ಳುವ, ತೆರೆದಿರುವ ಎಲ್ಲ ಪ್ರೋಗ್ರಾಂಗಳಿಗೂ ಹಕ್ಕಿರುವ ಜಾಗ. ಅದಕ್ಕೆ ಎರಡು ಕಟ್ಟಳೆಗಳಿವೆ. ಅಲ್ಲಿ ಒಂದು ಸಲಕ್ಕೆ ಒಂದೇ ಸರಕು ಇರುತ್ತದೆ; ಹೊಸದನ್ನು ಕಾಪಿ ಮಾಡಿದ ಗಳಿಗೆಯಲ್ಲೇ ಹಳೆಯದು ಹೋಗುತ್ತದೆ. ಹಾಗೆಯೇ, ಒಂದು ಪ್ರೋಗ್ರಾಂ ಅದನ್ನು ತೆರೆದು ಹಿಡಿದಿರುವಾಗ ಬೇರೆ ಯಾವುದಕ್ಕೂ ಪ್ರವೇಶವಿಲ್ಲ. ಒಂದೇ ಕಿಟಕಿಯ ಟಿಕೆಟ್ ಕೌಂಟರಿನಂತೆ, ಮುಂದಿದ್ದವರು ಕೆಲಸ ಮುಗಿಸಿ ಸರಿದ ಮೇಲೇ ಹಿಂದಿನವರ ಪಾಳಿ. ಎಲ್ಲವೂ ಸರಿಯಿದ್ದರೆ ಈ ಪಾಳಿ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ವರ್ಡ್‌ಗೂ ಕ್ಲಿಪ್‌ಬೋರ್ಡ್ ಮ್ಯಾನೇಜರ್‌ಗೂ ನಡುವೆ ಬರುವ ತಕರಾರುಗಳಲ್ಲಿ ಹಲವು ಈ ಕಟ್ಟಳೆಗಳಿಂದಲೇ ಹುಟ್ಟುತ್ತವೆ. ಉಳಿದವು, ಅದರಲ್ಲೂ ಕನ್ನಡದಲ್ಲಿ ಟೈಪ್ ಮಾಡುವವರನ್ನು ಕಾಡುವವು, ಕ್ಲಿಪ್‌ಬೋರ್ಡ್‌ನಲ್ಲಿ ಬರಹ ಯಾವ ರೂಪದಲ್ಲಿ ಕೂತಿದೆ ಎಂಬುದಕ್ಕೆ ಸೇರಿದವು.

ಕಟ್, ಕಾಪಿ, ಪೇಸ್ಟ್ ಎಂಬ ಪದ್ಧತಿ ರೂಪುಗೊಂಡದ್ದು 1970ರ ದಶಕದಲ್ಲಿ, ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ. ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಅಲ್ಲಿ ಜಿಪ್ಸಿ ಎಂಬ ವರ್ಡ್ ಪ್ರೊಸೆಸರ್ ಕಟ್ಟುವಾಗ ಇದಕ್ಕೆ ಈಗಿನ ಆಕಾರ ಕೊಟ್ಟರು. ಟೆಸ್ಲರ್ ಮುಂದೆ ಆಪಲ್ ಸೇರಿ, 1983ರಲ್ಲಿ ಬಂದ ಲೀಸಾ ಕಂಪ್ಯೂಟರಿನಲ್ಲಿ ಎಕ್ಸ್, ಸಿ, ವಿ ಕೀಲಿಗಳನ್ನು ಈ ಮೂರು ಕೆಲಸಗಳಿಗೆ ಗೊತ್ತುಮಾಡಿದರು. ಕೀಲಿಗಳು ಇಂದಿಗೂ ಅವೇ. ಒಂದು ಸಲಕ್ಕೆ ಒಂದೇ ಸರಕು ಎಂಬ ಮಿತಿಯೂ ಆ ಕಾಲದ್ದೇ.

ಕ್ಲಿಪ್‌ಬೋರ್ಡ್‌ನಲ್ಲಿರುವ ಸರಕು ಒಂದೇ ಆದರೂ ಅದರ ರೂಪಗಳು ಹಲವು. ವರ್ಡ್‌ನಲ್ಲಿ ಒಂದು ಪ್ಯಾರಾ ಆಯ್ದು ಕಂಟ್ರೋಲ್ ಸಿ ಒತ್ತಿದರೆ ಅದೇ ಪ್ಯಾರಾ ಬರೀ ಪಠ್ಯವಾಗಿ, ಯೂನಿಕೋಡ್ ಪಠ್ಯವಾಗಿ, ಫಾಂಟು ಮತ್ತು ಅಳತೆಗಳ ಸಮೇತ ಆರ್.ಟಿ.ಎಫ್. ಆಗಿ, ವೆಬ್ ಪುಟಗಳ ಎಚ್.ಟಿ.ಎಂ.ಎಲ್. ಆಗಿ, ಚಿತ್ರವಾಗಿ, ಇನ್ನೂ ಕೆಲವು ರೂಪಗಳಲ್ಲಿ ಸಿಗುತ್ತದೆ. ಪೇಸ್ಟ್ ಮಾಡಿಕೊಳ್ಳುವ ಪ್ರೋಗ್ರಾಂ ತನಗೆ ಒಗ್ಗುವ ರೂಪವನ್ನು ಆರಿಸಿಕೊಳ್ಳುತ್ತದೆ. ನೋಟ್‌ಪ್ಯಾಡ್ ಬರೀ ಪಠ್ಯ ಎತ್ತಿಕೊಂಡರೆ ಇನ್ನೊಂದು ವರ್ಡ್ ಕಡತ ಫಾಂಟು, ದಪ್ಪಕ್ಷರ, ಅಡಿಗೆರೆ ಎಲ್ಲವನ್ನೂ ಎತ್ತಿಕೊಳ್ಳುತ್ತದೆ. ಇಲ್ಲಿ ವರ್ಡ್ ಒಂದು ಜಾಣತನ ಮಾಡುತ್ತದೆ. ಕಾಪಿ ಒತ್ತಿದ ಕೂಡಲೇ ಅಷ್ಟೂ ರೂಪಗಳನ್ನು ಸಿದ್ಧಪಡಿಸುವುದಿಲ್ಲ. ಹೆಸರುಗಳನ್ನಷ್ಟೇ ಪಟ್ಟಿಮಾಡಿ ಇಟ್ಟು, ಯಾರಾದರೂ ಕೇಳಿದಾಗ ಕೇಳಿದ್ದನ್ನು ತಯಾರಿಸಿ ಕೊಡುತ್ತದೆ. ದೊಡ್ಡ ಕಡತ ಕಾಪಿ ಮಾಡಿ ವರ್ಡ್ ಮುಚ್ಚಲು ಹೋದರೆ, ಕ್ಲಿಪ್‌ಬೋರ್ಡ್‌ನಲ್ಲಿ ಬಹಳ ಬರಹವಿದೆ, ಮುಚ್ಚಿದ ಮೇಲೂ ಅದು ಬೇರೆ ಪ್ರೋಗ್ರಾಂಗಳಿಗೆ ಬೇಕೇ ಎಂದು ಹಳೆಯ ವರ್ಡ್ ಕೇಳುತ್ತಿದ್ದುದು ಇದೇ ಕಾರಣಕ್ಕೆ. ತಯಾರಿಸಿ ಕೊಡಬೇಕಾದ ವರ್ಡ್ ಹೊರಟುಹೋದರೆ ಕೊಡುವವರು ಯಾರೂ ಉಳಿಯುವುದಿಲ್ಲ.

ಒಂದೇ ಸರಕಿನ ಮಿತಿ ದಾಟಲು ಹುಟ್ಟಿದ್ದು ಕ್ಲಿಪ್‌ಬೋರ್ಡ್ ಮ್ಯಾನೇಜರ್. ಕಾಪಿ ಆದದ್ದನ್ನೆಲ್ಲ ಅದು ಒಂದೊಂದಾಗಿ ದಾಸ್ತಾನು ಮಾಡಿ, ಬೇಕಾದಾಗ ಹಿಂದಿನದನ್ನು ಕೊಡುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಇದರ ಉಪಯೋಗ ಕಾಣಲು ಉಪನೋಂದಣಿ ಕಚೇರಿ, ಕೋರ್ಟುಗಳ ಅಕ್ಕಪಕ್ಕದ ಟೈಪಿಂಗ್ ಅಂಗಡಿ ಸಾಕು. ಖರೀದಿ ಪತ್ರವಿರಲಿ, ಬಕ್ಷೀಸು ಪತ್ರವಿರಲಿ, ವಾಟ್ನಿ ಪತ್ರವಿರಲಿ, ಮುಕ್ಕಾಲು ಪಾಲು ವಾಕ್ಯಗಳು ಸಿದ್ಧ ವಾಕ್ಯಗಳು. ಬದಲಾಗುವುದು ಬರೆದುಕೊಟ್ಟವರ ಹೆಸರು, ಬರೆಯಿಸಿಕೊಂಡವರ ಹೆಸರು, ಉತಾರದಲ್ಲಿರುವ ಸರ್ವೆ ನಂಬರು ಇಲ್ಲವೆ ಸಿ.ಟಿ.ಎಸ್. ನಂಬರು, ಚತುಃಸೀಮೆ. ಒಂದೇ ಹೆಸರು, ತಂದೆಯ ಹೆಸರು, ವಯಸ್ಸು, ಉದ್ಯೋಗ, ಊರು ಒಂದು ಪತ್ರದಲ್ಲಿ ಮತ್ತೆ ಮತ್ತೆ ಬರುತ್ತವೆ. ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ಮಹಾಪ್ರಬಂಧಗಳ ಟೈಪಿಂಗಿನಲ್ಲೂ ಇದೇ ಕಥೆ: ಅಡಿಟಿಪ್ಪಣಿ, ಗ್ರಂಥಸೂಚಿ, ಪುನರುಕ್ತವಾಗುವ ಶೀರ್ಷಿಕೆಗಳು. ಇಂಥ ಕಡೆ ಮ್ಯಾನೇಜರ್ ಇಲ್ಲದೆ ಕೆಲಸ ಮಾಡುವುದು ಸುಮ್ಮನೆ ಕೈ ನೋಯಿಸಿಕೊಳ್ಳುವುದೇ ಸರಿ.

ತೊಡಕು ಶುರುವಾಗುವುದು ಮ್ಯಾನೇಜರ್‌ಗಳು ಒಂದಕ್ಕಿಂತ ಹೆಚ್ಚಾದಾಗ. ಆಫೀಸ್‌ನೊಳಗೇ ಒಂದಿದೆ, 2000ದ ಆವೃತ್ತಿಯಲ್ಲಿ 12 ತುಣುಕುಗಳನ್ನು ಹಿಡಿಯುತ್ತಿದ್ದ ಅದು ನಂತರದ ಆವೃತ್ತಿಗಳಲ್ಲಿ 24ನ್ನು ಹಿಡಿಯುತ್ತದೆ. ವಿಂಡೋಸ್ 10ಕ್ಕೆ 2018ರ ಅಕ್ಟೋಬರಿನಲ್ಲಿ ಬಂದ ನವೀಕರಣದಿಂದ ವಿಂಡೋಸ್ ಕೀಲಿ ಮತ್ತು ವಿ ಒತ್ತಿದರೆ ಇನ್ನೊಂದು ಪಟ್ಟಿ ತೆರೆದುಕೊಳ್ಳುತ್ತದೆ. ಅದರ ಮಿತಿ 25 ತುಣುಕು, ಒಂದೊಂದು 4 ಎಂ.ಬಿ. ಒಳಗೆ. ಇದರ ಮೇಲೆ ಡಿಟ್ಟೊ, ಕಾಪಿಕ್ಯೂ ಮುಂತಾದ ಉಚಿತ ಮ್ಯಾನೇಜರ್‌ಗಳನ್ನು ಬಳಕೆದಾರರು ತಾವೇ ಹಾಕಿಕೊಳ್ಳುತ್ತಾರೆ. ಮ್ಯಾನೇಜರ್ ಎಂಬ ಹೆಸರಿಲ್ಲದಿದ್ದರೂ ಕ್ಲಿಪ್‌ಬೋರ್ಡ್‌ಗೆ ಕೈ ಹಾಕುವವು ಬೇರೆಯೂ ಉಂಟು. ಟ್ಯಾಲಿ ದುರಸ್ತಿಗೆಂದು ಹಾಕಿದ ಎನಿಡೆಸ್ಕ್, ರಿಮೋಟ್ ಡೆಸ್ಕ್‌ಟಾಪ್, ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸುವ ಫೋನ್ ಲಿಂಕ್, ಕಾಪಿ ಆದ ಕೊಂಡಿಯನ್ನು ನೋಡಿ ಡೌನ್‌ಲೋಡ್ ಶುರುಮಾಡುವ ಪ್ರೋಗ್ರಾಂಗಳು. ಕಂಪ್ಯೂಟರಿನ ಒಡೆಯರಿಗೆ ಇವುಗಳಲ್ಲಿ ಅರ್ಧದಷ್ಟು ನೆನಪೇ ಇರುವುದಿಲ್ಲ.

ತಕರಾರಿನ ಮೊದಲ ಬಗೆ ಪಾಳಿಯದ್ದು. ಕ್ಲಿಪ್‌ಬೋರ್ಡ್‌ನಲ್ಲಿ ಹೊಸದು ಬಂದಾಗ ತಿಳಿಸಬೇಕೆಂದು ನೋಂದಾಯಿಸಿಕೊಂಡ ಪ್ರೋಗ್ರಾಂಗಳಿಗೆಲ್ಲ ವಿಂಡೋಸ್ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಮುಟ್ಟಿದ ಕೂಡಲೇ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಅದೇ ಹೊತ್ತಿಗೆ ಟೈಪ್ ಮಾಡುವವರು ಅಭ್ಯಾಸಬಲದಿಂದ ಚಕಚಕನೆ ಕಂಟ್ರೋಲ್ ವಿ ಒತ್ತಿದರೆ, ವರ್ಡ್‌ಗೆ ಕ್ಲಿಪ್‌ಬೋರ್ಡ್ ತೆರೆಯಲು ಆಗದೆ ಏನೂ ಪೇಸ್ಟ್ ಆಗದಿರಬಹುದು. ಕಾಪಿಯೇ ವಿಫಲವಾದಾಗ ಹಿಂದಿನ ಗಿರಾಕಿಯ ಹೆಸರು ಪೇಸ್ಟ್ ಆಗುವುದೂ ಉಂಟು. ಇದು ಬಲು ಅಪಾಯದ್ದು. ಏನೂ ಬರದಿದ್ದರೆ ಕಣ್ಣಿಗೆ ಬೀಳುತ್ತದೆ. ಬೇರೆಯವರ ಹೆಸರು ಬಂದರೆ ಪ್ರೂಫ್ ನೋಡುವ ತನಕ ಕುಳಿತಿರುತ್ತದೆ. ಎಕ್ಸೆಲ್ ಆದರೆ, ಕ್ಲಿಪ್‌ಬೋರ್ಡ್ ತೆರವು ಮಾಡಲಾಗುತ್ತಿಲ್ಲ, ಬೇರೊಂದು ಪ್ರೋಗ್ರಾಂ ಬಳಸುತ್ತಿರಬಹುದು ಎಂಬರ್ಥದ ಸಂದೇಶವನ್ನಾದರೂ ತೋರಿಸುತ್ತದೆ. ಹಳೆಯ ವಿಂಡೋಸ್‌ಗಳಲ್ಲಿ ಸುದ್ದಿ ಒಂದರಿಂದ ಒಂದಕ್ಕೆ ಸರಪಳಿಯಲ್ಲಿ ಸಾಗಬೇಕಿತ್ತು. ನಡುವಿನ ಒಂದು ಪ್ರೋಗ್ರಾಂ ಸುದ್ದಿ ದಾಟಿಸದೆ ಕೂತರೆ ಮುಂದಿನವಕ್ಕೆಲ್ಲ ಕಿವುಡು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ ಪ್ರತಿಯೊಂದಕ್ಕೂ ನೇರವಾಗಿ ಸುದ್ದಿ ಮುಟ್ಟಿಸುವ ದಾರಿ ಮಾಡಿತು. ಹಳೆಯ ದಾರಿಯನ್ನೇ ಹಿಡಿದ ಪ್ರೋಗ್ರಾಂಗಳು ಈಗಲೂ ಅಲ್ಲಲ್ಲಿ ಇವೆ.

ಎರಡನೆಯ ಬಗೆಯಲ್ಲಿ ವರ್ಡ್ ಹೆಪ್ಪುಗಟ್ಟಿ ನಿಲ್ಲುತ್ತದೆ. ಕೇಳಿದಾಗ ಮಾತ್ರ ತಯಾರಿಸಿ ಕೊಡುವ ವರ್ಡ್‌ನ ಜಾಣತನವನ್ನು ಮ್ಯಾನೇಜರ್ ನಿಷ್ಫಲ ಮಾಡುವುದು ಇಲ್ಲಿ. ದಾಸ್ತಾನು ಮಾಡಬೇಕಾದ ಮ್ಯಾನೇಜರ್ ತಾನು ಉಳಿಸಿಕೊಳ್ಳುವ ರೂಪಗಳನ್ನೆಲ್ಲ ಆಗಲೇ ಕೇಳುತ್ತದೆ. ಎರಡು ಸಾಲಿನ ಬರಹಕ್ಕೆ ಇದು ಲೆಕ್ಕಕ್ಕಿಲ್ಲ. ಆದರೆ ಚಿತ್ರ, ಕೋಷ್ಟಕ, ಅಡಿಟಿಪ್ಪಣಿಗಳಿರುವ ಮುನ್ನೂರು ಪುಟದ ಪ್ರಬಂಧವನ್ನು ಕಂಟ್ರೋಲ್ ಎ ಒತ್ತಿ ಇಡಿಯಾಗಿ ಕಾಪಿ ಮಾಡಿದರೆ ವರ್ಡ್ ಅದನ್ನು ಹಲವು ಸಲ ಹಲವು ರೂಪಗಳಲ್ಲಿ ಬರೆದುಕೊಡಬೇಕು. ಮ್ಯಾನೇಜರ್ ಎರಡಿದ್ದರೆ ಕೇಳುವವರೂ ಇಬ್ಬರು. ಕಡತವೇ ಕೆಟ್ಟಿದೆ ಎಂದು ತಿಳಿದು ವರ್ಡ್ ಅನ್ನು ಬಲವಂತವಾಗಿ ಮುಚ್ಚುವವರಿಗೆ ಸೇವ್ ಆಗದ ಕೆಲಸ ಹೋದ ಮೇಲೆ ಕಾರಣ ತಿಳಿಯುವುದೇ ಇಲ್ಲ.

ಮೂರನೆಯದು ಕೀಲಿಗಳ ಪೈಪೋಟಿ. ಪಟ್ಟಿಯಿಂದ ಒಂದು ತುಣುಕನ್ನು ಆರಿಸಿದಾಗ ಮ್ಯಾನೇಜರ್ ಅದನ್ನು ಕ್ಲಿಪ್‌ಬೋರ್ಡ್‌ನಲ್ಲಿಟ್ಟು, ವರ್ಡ್ ಕಿಟಕಿಯನ್ನು ಮುಂದೆ ತಂದು, ತಾನೇ ಕಂಟ್ರೋಲ್ ವಿ ಒತ್ತಿದಂತೆ ನಟಿಸುತ್ತದೆ. ವರ್ಡ್ ಅನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆದಿದ್ದು ಮ್ಯಾನೇಜರ್‌ಗೆ ಆ ಅಧಿಕಾರ ಇಲ್ಲದಿದ್ದರೆ ಈ ನಟನೆ ವರ್ಡ್ ತನಕ ತಲುಪುವುದಿಲ್ಲ. ವಿಸ್ಟಾದಿಂದೀಚೆಗೆ ವಿಂಡೋಸ್ ಅದನ್ನು ತಡೆಯುತ್ತದೆ. ಪಟ್ಟಿ ತೆರೆಯುವ ಕೀಲಿಯದ್ದು ಇನ್ನೊಂದು ತಂಟೆ. ಡಿಟ್ಟೊ ಮೊದಲಿಗೆ ಬಳಸುವುದು ಕಂಟ್ರೋಲ್ ಜೊತೆಗೆ ಎಸ್ಕೇಪ್ ಕೆಳಗಿನ ಕೀಲಿಯನ್ನು. ವರ್ಡ್‌ನಲ್ಲಿ ಅದೇ ಜೋಡಿ ಫ್ರೆಂಚ್ ಮುಂತಾದ ಭಾಷೆಗಳ ಓರೆಗೆರೆಯ ಸ್ವರಗಳಿಗೆ ಮೀಸಲು. ಕನ್ನಡದವರಿಗೆ ನಷ್ಟವೇನೂ ಇಲ್ಲ. ಭಾಷಾ ವಿಭಾಗದವರಿಗೆ ಇದೆ. ಲಿಬ್ರೆಆಫೀಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ವಿ ಒತ್ತಿದರೆ ಯಾವ ರೂಪದಲ್ಲಿ ಪೇಸ್ಟ್ ಆಗಬೇಕೆಂದು ಕೇಳುವ ಚೌಕ ತೆರೆಯುತ್ತದೆ. ಆ ಜೋಡಿಯನ್ನು ಮ್ಯಾನೇಜರ್‌ಗೆ ಕೊಟ್ಟುಬಿಟ್ಟರೆ, ಕನ್ನಡದವರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಆ ಚೌಕವೇ ಕೈತಪ್ಪುತ್ತದೆ.

ಅದು ಹೆಚ್ಚು ಬೇಕಾಗುವುದು ನಾಲ್ಕನೆಯ ಬಗೆಯ ತಕರಾರಿಗೆ, ಅಂದರೆ ರೂಪ ಕೆಡುವುದಕ್ಕೆ. ಇಲ್ಲಿ ಕನ್ನಡದ್ದೇ ಒಂದು ಇತಿಹಾಸವಿದೆ. ಕನ್ನಡ ಲಿಪಿಗೆ ಯೂನಿಕೋಡ್‌ನಲ್ಲಿ 1991ರಷ್ಟು ಹಿಂದೆಯೇ ಜಾಗ ಸಿಕ್ಕಿದರೂ ಅದನ್ನು ತೆರೆಯ ಮೇಲೆ ಸರಿಯಾಗಿ ಮೂಡಿಸುವ ಏರ್ಪಾಡು ಸಾಮಾನ್ಯ ಬಳಕೆದಾರರಿಗೆ ಸಿಕ್ಕಿದ್ದು 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಫಾಂಟು ಬಂದ ಮೇಲೆ. ಅಷ್ಟರೊಳಗೆ ಕನ್ನಡದ ಡಿಟಿಪಿ ಬೇರೆ ದಾರಿಯಲ್ಲಿ ಬಹುದೂರ ನಡೆದಿತ್ತು. ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ, 1998ರಲ್ಲಿ ಶೇಷಾದ್ರಿವಾಸು ಅವರು ತಂದ ಬರಹ, ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ಸಿದ್ಧಪಡಿಸಿದ ನುಡಿ, ಇವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿಕೊಂಡವು. ಟೈಪಿಂಗ್ ಅಂಗಡಿಗಳ ಭಾಷೆಯಲ್ಲಿ ಇದಕ್ಕೆ ಆಸ್ಕಿ ಎಂದೇ ಹೆಸರು. ನುಡಿಯಲ್ಲಿ ಟೈಪ್ ಮಾಡಲು ಬಳಸುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಯೂನಿಕೋಡ್ ಟೈಪಿಂಗಿಗೂ ಬಳಸಬಹುದು. ಆದ್ದರಿಂದ ಬೆರಳಿಗೆ ವ್ಯತ್ಯಾಸ ತಿಳಿಯುವುದಿಲ್ಲ. ವ್ಯತ್ಯಾಸವಿರುವುದು ಕಡತದ ಒಳಗೆ.

ಉದಾಹರಣೆಗೆ ಕನ್ನಡ ಎಂಬ ಪದವನ್ನೇ ನೋಡಬಹುದು. ಯೂನಿಕೋಡ್‌ನಲ್ಲಿ ಅದು ಐದು ಸಂಕೇತಗಳು: ಕ, ನ, ಹಲಂತ, ನ, ಡ. ನುಡಿಯ ಆಸ್ಕಿ ಫಾಂಟಿನಲ್ಲಿ ಏಳು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯ ದೊಡ್ಡ ಎ, ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಗೆರೆಯ ಎ, ಜರ್ಮನ್ ಭಾಷೆಯ ಎಸ್‌ಜೆಟ್ ಅಕ್ಷರ, ಸಣ್ಣ ಕ್ಯೂ, ಮತ್ತೊಮ್ಮೆ ಗೆರೆಯ ಎ. ಇವುಗಳ ಮೇಲೆ ನುಡಿ ಫಾಂಟು ಹೊದಿಸಿದಾಗ ಕಣ್ಣಿಗೆ ಕನ್ನಡ ಕಾಣುತ್ತದೆ. ಫಾಂಟಿನ ಹೆಸರು ಇರುವುದು ಆರ್.ಟಿ.ಎಫ್. ಮತ್ತು ಎಚ್.ಟಿ.ಎಂ.ಎಲ್. ರೂಪಗಳಲ್ಲಿ ಮಾತ್ರ, ಬರೀ ಪಠ್ಯದ ರೂಪದಲ್ಲಿ ಇಲ್ಲ. ಬರೀ ಪಠ್ಯವನ್ನಷ್ಟೇ ದಾಸ್ತಾನು ಮಾಡುವ ಮ್ಯಾನೇಜರ್ ಮೂಲಕ ಹಾದುಬಂದ ನುಡಿ ಬರಹ ಹೊದಿಕೆ ಕಳೆದುಕೊಂಡು ಪಿ, ಎ, ಪೌಂಡುಗಳ ಸಾಲಾಗಿ ನಿಲ್ಲುತ್ತದೆ. ಮ್ಯಾನೇಜರ್ ಬರಹ ಕೆಡಿಸಿತು ಎಂದು ಬೈಯುವವರು ಹಲವರು. ಅದು ಸಿಕ್ಕಿದ ಅಕ್ಷರಗಳನ್ನು ಒಂದೂ ಬಿಡದೆ ಕೊಟ್ಟಿರುತ್ತದೆ. ಇಂಗ್ಲಿಷಿನಲ್ಲಿ ಫಾಂಟು ಕಳೆದರೆ ಅಂದ ಕೆಡುತ್ತದೆ, ಅಷ್ಟೇ. ಆಸ್ಕಿ ಕನ್ನಡದಲ್ಲಿ ಫಾಂಟು ಕಳೆದರೆ ಭಾಷೆಯೇ ಕಳೆಯುತ್ತದೆ.

ಕೆಟ್ಟ ಬರಹ ಕೆಟ್ಟ ಬಗೆಯನ್ನು ತಾನೇ ಹೇಳುತ್ತದೆ. ಓದಲು ಕಲಿತರೆ ಅರ್ಧ ತಪಾಸಣೆ ಅಲ್ಲೇ ಮುಗಿಯಿತು. ಗೆರೆಯ ಎ, ಪೌಂಡ್ ಚಿಹ್ನೆಗಳ ಸಾಲು ಕಂಡರೆ ಅದು ಫಾಂಟು ಕಳೆದ ನುಡಿ ಇಲ್ಲವೆ ಬರಹ. ಏನೂ ನಷ್ಟವಾಗಿಲ್ಲ, ಆಯ್ದು ನುಡಿ ಫಾಂಟು ಕೊಟ್ಟರೆ ಮರಳುತ್ತದೆ. ಅಕ್ಷರಗಳ ಜಾಗದಲ್ಲಿ ಖಾಲಿ ಡಬ್ಬಿಗಳು ಕಂಡರೆ ಅದು ಯೂನಿಕೋಡ್ ಕನ್ನಡ, ಆದರೆ ಈಗಿನ ಫಾಂಟಿನಲ್ಲಿ ಕನ್ನಡ ಇಲ್ಲ. ತುಂಗಾ, ನಿರ್ಮಲಾ ಅಥವಾ ಬೇರೆ ಯೂನಿಕೋಡ್ ಫಾಂಟು ಕೊಟ್ಟರೆ ಸಾಕು. ಪ್ರತಿ ಅಕ್ಷರಕ್ಕೆ ಮೂರು ಮೂರು ಚಿಹ್ನೆ ಬಂದು, ಮೊದಲನೆಯದು ಸದಾ ಓರೆಗೆರೆಯ ಸಣ್ಣ ಎ, ಎರಡನೆಯದು ಮೇಲಕ್ಕೇರಿದ ಪುಟ್ಟ ಎರಡು ಇಲ್ಲವೆ ಮೂರು ಅಂಕಿ ಆಗಿದ್ದರೆ ಅದು ಯುಟಿಎಫ್-8 ಬರಹವನ್ನು ಯಾವುದೋ ಪ್ರೋಗ್ರಾಂ ಹಳೆಯ ಪದ್ಧತಿಯಲ್ಲಿ ಓದಿದ ಗುರುತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತ ಮೂರು ಬೈಟುಗಳಾಗಿ ಕೂರುತ್ತದೆ. ಆ ಮೂರೂ ಬಿಡಿ ಅಕ್ಷರಗಳಾಗಿ ಕಾಣಿಸಿಕೊಂಡಿರುತ್ತವೆ. ಮೂಲದಿಂದ ಇನ್ನೊಮ್ಮೆ ಕಾಪಿ ಮಾಡುವುದೇ ಇದಕ್ಕೆ ಸುಲಭದ ಮದ್ದು. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಕೆಲಸ ಕೆಟ್ಟಿತು. ಯೂನಿಕೋಡ್ ತಿಳಿಯದ ಹಳೆಯ ರೂಪದೊಳಕ್ಕೆ ಕನ್ನಡವನ್ನು ತುರುಕಿದಾಗ, ಅಲ್ಲಿ ಕನ್ನಡಕ್ಕೆ ಜಾಗವಿಲ್ಲದೆ ಪ್ರತಿ ಅಕ್ಷರದ ಬದಲು ಒಂದು ಪ್ರಶ್ನಾರ್ಥಕ ಬಂದು ಕೂರುತ್ತದೆ. ಯಾವ ಅಕ್ಷರವಿತ್ತೆಂಬ ಗುರುತೇ ಅದರಲ್ಲಿ ಉಳಿದಿರುವುದಿಲ್ಲ. ಯಾವ ಫಾಂಟೂ ಯಾವ ಪರಿವರ್ತಕವೂ ಅದನ್ನು ಮರಳಿಸಲಾರದು.

ಎಲ್ಲ ತಪ್ಪನ್ನೂ ಕ್ಲಿಪ್‌ಬೋರ್ಡ್ ತಲೆಗೆ ಕಟ್ಟುವಂತೆಯೂ ಇಲ್ಲ. ಆಸ್ಕಿ ನುಡಿಯಲ್ಲಿ ಸಣ್ಣ ಕ್ಯೂ ಎಂದರೆ ಡಕಾರದ ತುಂಡು, ದೊಡ್ಡ ಕ್ಯೂ ಎಂದರೆ ಕಿ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ವರ್ಡ್‌ನ ಆಟೊಕರೆಕ್ಟ್ ಚಾಲೂ ಇದ್ದರೆ ವಾಕ್ಯದ ಮೊದಲಿಗೆ ಬರುವ ಡಾಕ್ಟರರು ಕಿಯಿಂದ ಶುರುವಾಗಬಹುದು. ಪದದ ಉಳಿದ ಭಾಗ ಸರಿಯಿದ್ದು ಮೊದಲ ಅಕ್ಷರವಷ್ಟೇ ತಪ್ಪಿದ್ದರೆ ಹುಡುಕಬೇಕಾದದ್ದು ಆಟೊಕರೆಕ್ಟ್ ಆಯ್ಕೆಗಳಲ್ಲಿ.

ಪಾಳಿ, ಹೆಪ್ಪುಗಟ್ಟುವಿಕೆ, ಕೀಲಿಗಳ ತೊಂದರೆಗೆ ತಪಾಸಣೆಯ ಕ್ರಮ ಬೇರೆ. ಮೊದಲು ತೆರೆದ ಕಡತವನ್ನು ಸೇವ್ ಮಾಡಬೇಕು. ನಂತರ ನೋಟ್‌ಪ್ಯಾಡ್ ತೆರೆದು ಒಂದು ಇಂಗ್ಲಿಷ್ ಪದ ಟೈಪ್ ಮಾಡಿ, ಕಾಪಿ ಮಾಡಿ, ಅಲ್ಲೇ ಪೇಸ್ಟ್ ಮಾಡಿ ನೋಡಬೇಕು. ಅಷ್ಟೂ ಆಗದಿದ್ದರೆ ವರ್ಡ್ ನಿರಪರಾಧಿ. ಯಾವುದೋ ಪ್ರೋಗ್ರಾಂ ಕ್ಲಿಪ್‌ಬೋರ್ಡ್ ಹಿಡಿದು ಕೂತಿದೆ. ಅಲ್ಲಿ ಆಯಿತು ಎಂದಾದರೆ ನೋಟ್‌ಪ್ಯಾಡ್‌ನಿಂದ ವರ್ಡ್‌ಗೆ, ಆಮೇಲೆ ವರ್ಡ್‌ನಿಂದ ವರ್ಡ್‌ಗೆ. ನೋಟ್‌ಪ್ಯಾಡ್‌ನಿಂದ ಬಂದದ್ದು ಕೂತು, ವರ್ಡ್‌ನದ್ದೇ ಬರಹ ಕೂರದಿದ್ದರೆ ಸಂಶಯ ರೂಪಗಳ ತಯಾರಿಕೆಯ ಮೇಲೆ. ಇಷ್ಟಕ್ಕೆ ಎರಡು ನಿಮಿಷ ಸಾಕು. ಆಫೀಸ್ ಅನ್ನು ಕಿತ್ತು ಮತ್ತೆ ಹಾಕುವ, ಅರ್ಧ ದಿನ ತಿನ್ನುವ ಮದ್ದಿಗೆ ಕೈ ಹಾಕುವ ಮೊದಲು ಇಷ್ಟನ್ನಾದರೂ ಮಾಡಬೇಕು.

ಮುಂದಿನದು ಮ್ಯಾನೇಜರ್‌ಗಳನ್ನು ಒಂದೊಂದಾಗಿ ನಿಲ್ಲಿಸುವುದು. ಅವುಗಳ ಕಿಟಕಿ ಮುಚ್ಚಿದರೆ ನಿಂತಂತಲ್ಲ. ತೆರೆಯ ಬಲಮೂಲೆಯಲ್ಲಿ ಗಡಿಯಾರದ ಪಕ್ಕ ಅಡಗಿ ಕೂತಿರುತ್ತವೆ. ಅಲ್ಲಿನ ಗುರುತಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಎಕ್ಸಿಟ್ ಆರಿಸಬೇಕು. ಒಂದನ್ನು ನಿಲ್ಲಿಸಿ ಪರೀಕ್ಷೆ, ಇನ್ನೊಂದನ್ನು ನಿಲ್ಲಿಸಿ ಪರೀಕ್ಷೆ, ಹೀಗೆ ಹೋದರೆ ಯಾವುದು ನಿಂತಾಗ ಪೇಸ್ಟ್ ಸರಿಹೋಯಿತೆಂದು ತಿಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಮುಚ್ಚಿದರೆ ತೊಂದರೆ ಹೋಗುತ್ತದೆ, ಕಾರಣ ಸಿಗುವುದಿಲ್ಲ. ಮರುದಿನ ಕಂಪ್ಯೂಟರ್ ಹಾಕಿದಾಗ ಎಲ್ಲವೂ ಎದ್ದು ಕೂತು ತೊಂದರೆ ಮರಳುತ್ತದೆ. ವಿಂಡೋಸ್‌ನ ಪಟ್ಟಿಯನ್ನು ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿ ಕ್ಲಿಪ್‌ಬೋರ್ಡ್ ಎಂಬಲ್ಲಿ ನಿಲ್ಲಿಸಬಹುದು. ರಿಮೋಟ್ ಡೆಸ್ಕ್‌ಟಾಪ್ ಬಳಸುವವರು ದೂರದ ಯಂತ್ರದ ಟಾಸ್ಕ್ ಮ್ಯಾನೇಜರಿನಲ್ಲಿ ಆರ್‌ಡಿಪಿಕ್ಲಿಪ್ ಎಂಬುದನ್ನು ಹುಡುಕಿ ಮುಗಿಸಿ, ಅದೇ ಹೆಸರಿನಿಂದ ಮತ್ತೆ ಶುರುಮಾಡಿದರೆ ಎರಡು ಯಂತ್ರಗಳ ನಡುವಿನ ಕಾಪಿ-ಪೇಸ್ಟ್ ಮರುಜೀವ ಪಡೆಯುವುದುಂಟು. ಎನಿಡೆಸ್ಕ್‌ನಂಥವುಗಳಲ್ಲಿ ಕ್ಲಿಪ್‌ಬೋರ್ಡ್ ಹಂಚಿಕೊಳ್ಳುವ ಅನುಮತಿಯನ್ನು ಹಿಂತೆಗೆಯಬಹುದು. ಲೆಕ್ಕದವರು ದೂರದಿಂದ ಟ್ಯಾಲಿ ನೋಡುತ್ತಿರುವ ಹೊತ್ತಿಗೆ ಸರಿಯಾಗಿ ಪೇಸ್ಟ್ ಕೈಕೊಡುತ್ತಿದ್ದರೆ ಮೊದಲ ಸಂಶಯ ಅಲ್ಲಿಗೇ ಹೋಗಬೇಕು.

ಎಲ್ಲ ಮ್ಯಾನೇಜರ್ ನಿಂತರೂ ವರ್ಡ್‌ನಲ್ಲಿ ಮಾತ್ರ ತೊಂದರೆ ಉಳಿದರೆ ಕಂಟ್ರೋಲ್ ಕೀಲಿ ಒತ್ತಿಹಿಡಿದು ವರ್ಡ್ ತೆರೆಯಬೇಕು. ಸೇಫ್ ಮೋಡ್‌ನಲ್ಲಿ ತೆರೆಯಲೇ ಎಂದು ಅದು ಕೇಳುತ್ತದೆ. ಆ ಸ್ಥಿತಿಯಲ್ಲಿ ಆಡ್-ಇನ್‌ಗಳು ಏಳುವುದಿಲ್ಲ. ಅಲ್ಲಿ ಪೇಸ್ಟ್ ಸರಾಗವಾದರೆ ಅಪರಾಧಿ ಯಾವುದೋ ಆಡ್-ಇನ್. ಆಪ್ಶನ್ಸ್‌ನಲ್ಲಿ ಆಡ್-ಇನ್ಸ್ ಪಟ್ಟಿ ತೆಗೆದು ಒಂದೊಂದರ ಗುರುತು ತೆಗೆಯುತ್ತ ಬರಬೇಕು. 2007 ಮತ್ತು 2010ರ ಆಫೀಸ್ ಕಾಲದಲ್ಲಿ ಸೆಂಡ್ ಟು ಬ್ಲೂಟೂತ್ ಎಂಬ ಆಡ್-ಇನ್ ಇಂಥ ಕಾಪಿ-ಪೇಸ್ಟ್ ಉಪದ್ರವಕ್ಕೆ ಕುಖ್ಯಾತವಾಗಿತ್ತು. ಲಿಬ್ರೆಆಫೀಸ್‌ನಲ್ಲೂ ಹೆಲ್ಪ್ ಮೆನುವಿನಿಂದ ಸೇಫ್ ಮೋಡ್‌ಗೆ ಹೋಗಬಹುದು.

ಲಿನಕ್ಸ್‌ನಲ್ಲಿ ಲಿಬ್ರೆಆಫೀಸ್ ಬಳಸುವವರ ತೊಂದರೆಗೆ ಬೇರೆ ಮುಖವಿದೆ. ಅಲ್ಲಿನ ಹಳೆಯ ಎಕ್ಸ್ 11 ವ್ಯವಸ್ಥೆಯಲ್ಲಿ ಕಾಪಿ ಆದದ್ದು ನಡುವಿನ ಯಾವ ಜಾಗಕ್ಕೂ ಹೋಗುವುದಿಲ್ಲ. ಕಾಪಿ ಮಾಡಿದ ಪ್ರೋಗ್ರಾಂ ಬಳಿಯೇ ಇರುತ್ತದೆ. ಆ ಪ್ರೋಗ್ರಾಂ ಮುಚ್ಚಿದರೆ ಸರಕೂ ಹೋಯಿತು. ಕ್ಲಿಪ್ಪರ್‌ನಂಥ ಮ್ಯಾನೇಜರ್ ಬೇಕಾಗುವುದೇ ಅದಕ್ಕೆ. ಜೊತೆಗೆ ಅಲ್ಲಿ ಎರಡು ದಾಸ್ತಾನುಗಳಿವೆ: ಕಂಟ್ರೋಲ್ ಸಿ ಒತ್ತಿದ್ದು ಒಂದರಲ್ಲಿ, ಮೌಸಿನಿಂದ ಬರೀ ಆಯ್ದದ್ದು ಇನ್ನೊಂದರಲ್ಲಿ. ಎರಡನ್ನೂ ಒಂದಾಗಿಸುವ ಆಯ್ಕೆ ಮ್ಯಾನೇಜರಿನಲ್ಲಿ ಚಾಲೂ ಇದ್ದರೆ ಒಂದು ವಿಚಿತ್ರ ನಡೆಯುತ್ತದೆ. ಸರಿಯಾದ ಪದವನ್ನು ಕಾಪಿ ಮಾಡಿ, ತಪ್ಪು ಪದವನ್ನು ಆಯ್ದು, ಕಂಟ್ರೋಲ್ ವಿ ಒತ್ತಿದರೆ ತಪ್ಪು ಪದವೇ ಉಳಿಯುತ್ತದೆ. ಆಯ್ದ ಗಳಿಗೆಯಲ್ಲೇ ಅದು ಕಾಪಿ ಆಗಿ, ತನ್ನ ಮೇಲೆ ತಾನೇ ಪೇಸ್ಟ್ ಆಗಿರುತ್ತದೆ. ಆ ಆಯ್ಕೆಯ ಗುರುತು ತೆಗೆದರೆ ವಿಚಿತ್ರ ನಿಲ್ಲುತ್ತದೆ.

ಕಾರಣ ಸಿಕ್ಕ ಮೇಲೆ ಮ್ಯಾನೇಜರನ್ನು ಕಿತ್ತೊಗೆಯಬೇಕಾಗಿಲ್ಲ. ಯಂತ್ರದಲ್ಲಿ ಒಂದೇ ಮ್ಯಾನೇಜರ್ ಉಳಿಸಿಕೊಂಡು ಉಳಿದವನ್ನು ನಿಲ್ಲಿಸುವುದರಿಂದ ಪಾಳಿಯ ಜಗಳ ಬಹುಮಟ್ಟಿಗೆ ತೀರುತ್ತದೆ. ಡಿಟ್ಟೊದಂಥವುಗಳಲ್ಲಿ ಯಾವ ರೂಪಗಳನ್ನು ಉಳಿಸಬೇಕೆಂಬ ಪಟ್ಟಿ ಇದೆ. ಆಸ್ಕಿ ಕನ್ನಡ ಬಳಸುವವರು ಅದರಲ್ಲಿ ಆರ್.ಟಿ.ಎಫ್. ಮತ್ತು ಎಚ್.ಟಿ.ಎಂ.ಎಲ್. ಇವೆಯೇ ಎಂದು ನೋಡಿಕೊಳ್ಳಬೇಕು. ವಿಂಡೋಸ್‌ನ ಪಟ್ಟಿ ಉಳಿಸುವುದು ಪಠ್ಯ, ಎಚ್.ಟಿ.ಎಂ.ಎಲ್., ಚಿತ್ರ ಇಷ್ಟನ್ನೇ. ವರ್ಡ್‌ನೊಳಗೆ ಹುದುಗಿಸಿದ ಎಕ್ಸೆಲ್ ಕೋಷ್ಟಕದಂಥವು ಅದರಿಂದ ಮೂಲರೂಪದಲ್ಲಿ ಮರಳುವುದಿಲ್ಲ. ಯಾವ ಪ್ರೋಗ್ರಾಂಗಳಿಂದ ಕಾಪಿ ಆದದ್ದನ್ನು ಬಿಟ್ಟುಬಿಡಬೇಕೆಂದು ಹೇಳುವ ಜಾಗವೂ ಡಿಟ್ಟೊದಲ್ಲಿದೆ. ದೊಡ್ಡ ಪ್ರಬಂಧದ ಪುಟಗಳನ್ನು ಆಚೀಚೆ ಸಾಗಿಸುವ ದಿನ ವರ್ಡ್ ಅನ್ನೇ ಆ ಪಟ್ಟಿಗೆ ಸೇರಿಸಿದರೆ ಹೆಪ್ಪುಗಟ್ಟುವ ತೊಂದರೆ ಇರುವುದಿಲ್ಲ.

ಕನ್ನಡದ ಮಟ್ಟಿಗೆ ಖಾಯಂ ಪರಿಹಾರ ಯೂನಿಕೋಡ್ ಒಂದೇ. ಸರ್ಕಾರಿ ಜಾಲತಾಣದಿಂದ ಎತ್ತಿದ ಹೆಸರು ಯೂನಿಕೋಡ್, ಅಂಗಡಿಯ ಹಳೆಯ ಖರೀದಿ ಪತ್ರದ ನಮೂನೆ ಆಸ್ಕಿ. ಎರಡೂ ಒಂದೇ ಕಡತದಲ್ಲಿ ಸೇರಿದರೆ ಕಣ್ಣಿಗೆ ಒಂದೇ ಕಂಡರೂ ಹುಡುಕುವಾಗ ಒಂದು ಸಿಕ್ಕಿ ಇನ್ನೊಂದು ಸಿಗುವುದಿಲ್ಲ. ಕರ್ನಾಟಕ ಎಂಬಲ್ಲಿಯ ಅರ್ಕಾವತ್ತು ಯೂನಿಕೋಡ್‌ನಲ್ಲಿ ನಕಾರಕ್ಕಿಂತ ಮೊದಲು ರಕಾರವಾಗಿ ಕೂತಿದ್ದರೆ, ನುಡಿಯ ಆಸ್ಕಿಯಲ್ಲಿ ಬರೆಯುವ ಕ್ರಮದಂತೆ ನಾ ಆದ ಮೇಲೆ ಬರುತ್ತದೆ. ನಮೂನೆಗಳನ್ನು ನುಡಿ ಅಥವಾ ಬರಹದ ಪರಿವರ್ತಕದಲ್ಲಿ ಒಮ್ಮೆ ಯೂನಿಕೋಡ್‌ಗೆ ತಂದು, ಆಮೇಲೆ ಮ್ಯಾನೇಜರಿನಲ್ಲಿ ದಾಸ್ತಾನು ಮಾಡಿಕೊಂಡರೆ ಬರೀ ಪಠ್ಯವಾಗಿ ಹೋದರೂ ಕನ್ನಡ ಕನ್ನಡವಾಗಿಯೇ ತಲುಪುತ್ತದೆ. ಪರಿವರ್ತಿಸುವಾಗ ಎಚ್ಚರ ಬೇಕಾದ ಕಡೆ ಎರಡು. ಆಸ್ಕಿ ಕಡತದ ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡದ ತುಂಡುಗಳೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡುತ್ತದೆ. ಶ್ರೀಲಿಪಿಯ ಸಂಕೇತ ಬೇರೆಯಾದ್ದರಿಂದ ನುಡಿಯ ಪರಿವರ್ತಕಕ್ಕೆ ಅದನ್ನು ಕೊಡುವಂತಿಲ್ಲ. ಪ್ರೆಸ್ಸಿನವರು ಇನ್ನೂ ಆಸ್ಕಿಯನ್ನೇ ಕೇಳುವ ಕಡೆ ಯೂನಿಕೋಡ್ ಮೂಲವನ್ನು ಜೋಪಾನವಾಗಿಟ್ಟು ಕೊನೆಯ ಪ್ರತಿಯನ್ನಷ್ಟೇ ಆಸ್ಕಿಗೆ ತಿರುಗಿಸುವುದು ಲೇಸು.

ಇನ್ನು ದಾಸ್ತಾನಿನ ಗುಟ್ಟಿನ ವಿಷಯ. ಟೈಪಿಂಗ್ ಅಂಗಡಿಯ ಮ್ಯಾನೇಜರಿನಲ್ಲಿ ಗಿರಾಕಿಗಳ ಆಧಾರ್ ಸಂಖ್ಯೆ, ಪ್ಯಾನ್, ಬ್ಯಾಂಕ್ ಖಾತೆಯ ನಂಬರು ಎಲ್ಲವೂ ಸಾಲಾಗಿ ಕೂತಿರುತ್ತವೆ. ಮುಂದಿನ ಗಿರಾಕಿಯ ಎದುರೇ ಪಟ್ಟಿ ತೆರೆದುಕೊಳ್ಳುತ್ತದೆ. ವಿಂಡೋಸ್‌ನ ಪಟ್ಟಿಯನ್ನು ಬೇರೆ ಸಾಧನಗಳ ಜೊತೆ ಹಂಚಿಕೊಳ್ಳುವ ಆಯ್ಕೆ ಚಾಲೂ ಇದ್ದರೆ ಅವು ಯಂತ್ರದಿಂದ ಹೊರಗೂ ಹೋಗುತ್ತವೆ; ಅಂಗಡಿಯ ಯಂತ್ರದಲ್ಲಿ ಆ ಆಯ್ಕೆಯನ್ನು ನಿಲ್ಲಿಸಿರುವುದೇ ಸರಿ. ವಿಂಡೋಸ್‌ನ ಪಟ್ಟಿ, ಪಿನ್ ಮಾಡಿದವನ್ನು ಬಿಟ್ಟು, ಕಂಪ್ಯೂಟರ್ ರಿಸ್ಟಾರ್ಟ್ ಆದಾಗ ಅಳಿಯುತ್ತದೆ. ಡಿಟ್ಟೊ ತನ್ನ ದಾಸ್ತಾನನ್ನು ಡಿಸ್ಕಿನಲ್ಲಿ ಬರೆದಿಡುವುದರಿಂದ ಅದರಲ್ಲಿ ಅಳಿಯುವುದಿಲ್ಲ. ವಿಂಡೋಸ್‌ನ ಕ್ಲಿಯರ್ ಆಲ್ ಗುಂಡಿ ಕೂಡ ಪಿನ್ ಮಾಡಿಟ್ಟ ತುಣುಕುಗಳನ್ನು ಮುಟ್ಟುವುದಿಲ್ಲ. ಅವನ್ನು ಒಂದೊಂದಾಗಿ ಕೈಯಿಂದಲೇ ಅಳಿಸಬೇಕು.